ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರೆ ಬ್ರೇಕ್ ಜಾಸ್ತಿ ಹಿಡಿಯುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಬೈಲಹೊಂಗಲ ಕಡೆ. ಈಗ ಗೋವಾದ ಮಾಪ್ಸಾದಲ್ಲಿ ತರಕಾರಿ ವ್ಯಾಪಾರ. 2006ರ ಡೀಸೆಲ್ ಪಿಕಪ್ ಇದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಬೂಸ್ಟರ್ ಇದೆ. ಬೆಳಗಾವಿಯಿಂದ ಒಂದು ಟನ್ ಮಾಲು ತುಂಬಿಕೊಂಡು ಚೋರ್ಲಾ ಘಾಟ್ ಇಳಿದು ಬರುತ್ತೇನೆ. ಈಚೆಗೆ ಬ್ರೇಕ್ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಬಿಟ್ಟು ಇನ್ನೊಮ್ಮೆ ಒತ್ತಿದರೆ ಮೇಲೇ ಸಿಗುತ್ತದೆ. ಸಿಗ್ನಲ್‌ನಲ್ಲಿ ಒತ್ತಿ ಹಿಡಿದರೆ ನಿಧಾನಕ್ಕೆ ಇಳಿಯುತ್ತದೆ. ಘಾಟ್ ಇಳಿದು ಕೇರಿ ಊರು ಮುಟ್ಟುವಷ್ಟರಲ್ಲಿ ಪೆಡಲ್ ಮೆತ್ತಗಾಗುತ್ತದೆ, ಚಹಾ ಕುಡಿದು ಬಂದರೆ ಮತ್ತೆ ಸರಿ. ನಮ್ಮ ಮಿಸ್ತ್ರಿ, "ಇದರ ಮಾಸ್ಟರ್ ಸಿಲಿಂಡರ್ ಸಣ್ಣದು, ದೊಡ್ಡ ಗಾಡಿಯ ಒಂದು ಇಂಚಿನದು ಹಾಕೋಣ, ಬ್ರೇಕ್ ಗಟ್ಟಿಯಾಗುತ್ತೆ" ಅಂತಾರೆ. ಈಗಿರುವುದರ ಮೇಲೆ 22.2 ಅಂತ ಇದೆ. ಹಾಕಿಸಲಾ?

ಉತ್ತರ: ಬೇಡ. ಈಗಲೇ ಅಂತೂ ಬೇಡ. ಅದಕ್ಕಿಂತ ಮೊದಲು, ಪೆಡಲ್ ಹಿಡಿದಲ್ಲೇ ಇಳಿಯುತ್ತಿದೆ ಅಂದಿರಲ್ಲ, ಆ ಗಾಡಿಗೆ ಮಾಲು ತುಂಬಿ ಘಾಟ್ ಇಳಿಸುವುದನ್ನು ಇವತ್ತೇ ನಿಲ್ಲಿಸಿ. ನಾಲ್ಕು ದಿನ ಬೇರೆ ಗಾಡಿ ಬಾಡಿಗೆಗೆ ಮಾಡಿ. ಉಳಿದದ್ದು ಆಮೇಲೆ.

ನಿಮ್ಮ ಮಿಸ್ತ್ರಿ ಸುಳ್ಳು ಹೇಳಿಲ್ಲ. ಮಾಸ್ಟರ್ ಸಿಲಿಂಡರ್ ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪಿನೊಳಗೆ ತಳ್ಳುವ ಪಂಪು. ದೊಡ್ಡ ಸಿಲಿಂಡರ್ ಹಾಕಿದರೆ ಪೆಡಲ್ ನಿಜಕ್ಕೂ ಗಟ್ಟಿಯಾಗುತ್ತದೆ, ಮೇಲೇ ಸಿಗುತ್ತದೆ. ಆದರೆ ಪೆಡಲ್ ಗಟ್ಟಿಯಾದರೆ ಬ್ರೇಕ್ ಜಾಸ್ತಿ ಹಿಡಿಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವಲ್ಲ, ಎಡವಟ್ಟು ಅಲ್ಲೇ. ಲೆಕ್ಕ ಉಲ್ಟಾ ಇದೆ.

ಸಣ್ಣ ಸಿರಿಂಜ್ ಒಂದು, ದೊಡ್ಡ ಸಿರಿಂಜ್ ಒಂದು ತೆಗೆದುಕೊಂಡು ಎರಡರಲ್ಲೂ ನೀರು ತುಂಬಿ, ಬೆರಳಿಂದ ಒಂದೇ ಸಮ ಒತ್ತಿ ನೋಡಿ. ಸಣ್ಣದರಿಂದ ನೀರು ಜೋರಾಗಿ ಹಾರುತ್ತದೆ. ದೊಡ್ಡದರಲ್ಲಿ ಅಷ್ಟು ಜೋರು ಬರಬೇಕಾದರೆ ಬೆರಳು ನೋಯುವಷ್ಟು ಒತ್ತಬೇಕು. ಆದರೆ ದೊಡ್ಡದನ್ನು ಸ್ವಲ್ಪ ತಳ್ಳಿದರೂ ನೀರು ಜಾಸ್ತಿ ಬರುತ್ತದೆ. ಮಾಸ್ಟರ್ ಸಿಲಿಂಡರ್ ಕೂಡ ಇಷ್ಟೇ. ಒತ್ತುವ ಬಲವನ್ನು ಬೋರ್‌ನ (ಸಿಲಿಂಡರ್ ಒಳಗಿನ ಕೊಳವೆಯ) ವಿಸ್ತೀರ್ಣದಿಂದ ಭಾಗಿಸಿದರೆ ಪೈಪಿನೊಳಗಿನ ಒತ್ತಡ ಸಿಗುತ್ತದೆ. ಬೋರ್ ದೊಡ್ಡದಾದಷ್ಟೂ ಒತ್ತಡ ಕಡಿಮೆ.

ನಿಮ್ಮದೇ ಗಾಡಿಗೆ ಲೆಕ್ಕ ಹಾಕೋಣ. 22.2 ಅಂದರೆ ಬೋರ್ 22.2 ಮಿ.ಮೀ., ಅಂದರೆ ಒಂದು ಇಂಚಿನ ಎಂಟರಲ್ಲಿ ಏಳು ಭಾಗ. ಅದರ ವಿಸ್ತೀರ್ಣ 3.87 ಚದರ ಸೆಂ.ಮೀ. ಮಿಸ್ತ್ರಿ ಹೇಳಿದ ಒಂದು ಇಂಚಿನದು 25.4 ಮಿ.ಮೀ., ವಿಸ್ತೀರ್ಣ 5.07. ಪೆಡಲ್, ಬೂಸ್ಟರ್ (ಕಾಲಿನ ಒತ್ತನ್ನು ವ್ಯಾಕ್ಯೂಮ್‌ನಿಂದ ಹೆಚ್ಚಿಸುವ ಡಬ್ಬ) ಎಲ್ಲ ಸೇರಿ ಪಿಸ್ಟನ್ ಮೇಲೆ 150 ಕೆ.ಜಿ. ಬಲ ಬಿತ್ತು ಅಂದುಕೊಳ್ಳಿ. ಹಳೆಯದರಲ್ಲಿ ಒತ್ತಡ ಚದರ ಸೆಂ.ಮೀ.ಗೆ ಸುಮಾರು 38.8 ಕೆ.ಜಿ. ಹೊಸದರಲ್ಲಿ 29.6. ಕಾಲು ಅಷ್ಟೇ, ಬೂಸ್ಟರ್ ಅಷ್ಟೇ, ಬ್ರೇಕ್ ಮಾತ್ರ ಹೆಚ್ಚು ಕಡಿಮೆ ಕಾಲು ಭಾಗ ಹೋಯಿತು. ಮೊದಲಿನಷ್ಟೇ ಹಿಡಿಯಬೇಕಾದರೆ 30 ಕೆ.ಜಿ. ಒತ್ತುತ್ತಿದ್ದವರು 39 ಒತ್ತಬೇಕು. ಬೂಸ್ಟರ್‌ಗೂ ಒಂದು ಮಿತಿ ಇದೆ. ಅದರ ಶಕ್ತಿ ಮುಗಿದ ಮೇಲೆ ಉಳಿದದ್ದೆಲ್ಲ ನಿಮ್ಮ ಕಾಲಿನದೇ.

ಸಿಗುವ ಲಾಭ ಏನು? ಪೆಡಲ್ ಓಡಾಟ ಕಡಿಮೆಯಾಗುತ್ತದೆ. ಮೊದಲು 80 ಮಿ.ಮೀ. ಇಳಿಯುತ್ತಿದ್ದದ್ದು ಈಗ 61ಕ್ಕೆ ನಿಲ್ಲುತ್ತದೆ. ಮಾಪ್ಸಾ ಮಾರ್ಕೆಟ್ ಸುತ್ತ ಖಾಲಿ ಗಾಡಿ ಓಡಿಸಿದರೆ "ಆಹಾ, ಎಷ್ಟು ಚೆನ್ನಾಗಿದೆ" ಅನಿಸುತ್ತದೆ. ಒಂದು ಟನ್ ಈರುಳ್ಳಿ ಹೇರಿಕೊಂಡು, ಮಳೆಯಲ್ಲಿ, ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಆ ಕಾಲು ಭಾಗ ಬೇಕಾಗುತ್ತದೆ.

ಇದರಲ್ಲಿ ಇನ್ನೊಂದು ಕೆಟ್ಟ ಗುಣವಿದೆ. ಪೆಡಲ್ ಕೆಳಗೆ ಹೋಗಲು ಕಾರಣ ಬೇರೆ ಏನೋ ಇರುತ್ತದೆ. ದೊಡ್ಡ ಸಿಲಿಂಡರ್ ಜಾಸ್ತಿ ಆಯಿಲ್ ತಳ್ಳಿ ಆ ಕಾರಣವನ್ನು ಮುಚ್ಚಿಹಾಕುತ್ತದೆ. ರೋಗ ಒಳಗೇ ಬೆಳೆಯುತ್ತದೆ, ಪೆಡಲ್ ಮಾತ್ರ ಆರೋಗ್ಯವಾಗಿ ಕಾಣಿಸುತ್ತದೆ. ಇಲ್ಲಿ ಫೋಂಡಾದಲ್ಲಿ ನಮ್ಮ ಗ್ಯಾರೇಜಿಗೆ ಅನಮೋಡ ಘಾಟ್ ಇಳಿದು ಬರುವ ಗಾಡಿಗಳೇ ಜಾಸ್ತಿ. ಹೀಗೆ ಬೇರೆ ಗಾಡಿಯ ಸಿಲಿಂಡರ್ ಕೂರಿಸಿಕೊಂಡು ಬಂದವರ ಡ್ರಮ್ ಬಿಚ್ಚಿದರೆ ಲೈನರ್ (ಡ್ರಮ್‌ಗೆ ಉಜ್ಜುವ ಪದರ) ಸವೆದು ರಿವೆಟ್ ತಾಗುತ್ತಿರುತ್ತದೆ.

ಈಗ ನಿಮ್ಮ ಗಾಡಿಯ ರೋಗಕ್ಕೆ ಬರೋಣ. ನೀವು ಒಂದು ಅಂದುಕೊಂಡಿದ್ದೀರಿ. ನೀವು ಬರೆದಿದ್ದನ್ನು ಓದಿದರೆ ನನಗೆ ಮೂರು ಕಾಣಿಸುತ್ತವೆ.

ಮೊದಲ ಒತ್ತಿಗೆ ಕೆಳಗೆ, ಎರಡನೆಯದಕ್ಕೆ ಮೇಲೆ. ಇದು ಹೆಚ್ಚಾಗಿ ಹಿಂದಿನ ಡ್ರಮ್ ಅಡ್ಜಸ್ಟ್‌ಮೆಂಟ್. ಲೈನರ್ ಸವೆದ ಹಾಗೆ ಅದನ್ನು ಹೊತ್ತ ಶೂ ಮತ್ತು ಡ್ರಮ್ ನಡುವಿನ ಸಂದು ಹೆಚ್ಚುತ್ತದೆ. ಆ ಸಂದು ತುಂಬುವುದರಲ್ಲೇ ಮೊದಲ ಒತ್ತಿನ ಆಯಿಲ್ ಖರ್ಚಾಗುತ್ತದೆ. ಎರಡನೇ ಸಲ ಒತ್ತುವಾಗ ಶೂ ಇನ್ನೂ ಪೂರ್ತಿ ಹಿಂದೆ ಬಂದಿರುವುದಿಲ್ಲ, ಹಾಗಾಗಿ ಪೆಡಲ್ ಮೇಲೇ ಸಿಗುತ್ತದೆ. ತಾನಾಗಿ ಅಡ್ಜಸ್ಟ್ ಆಗುವ ವ್ಯವಸ್ಥೆ ಇದ್ದರೂ ನಮ್ಮ ಕರಾವಳಿ ಹವೆಗೆ ಅದರ ನಕ್ಷತ್ರದ ಆಕಾರದ ಹಲ್ಲಿನ ಚಕ್ರ ತುಕ್ಕು ಹಿಡಿದು ಕೂತುಬಿಡುತ್ತದೆ. ಹ್ಯಾಂಡ್ ಬ್ರೇಕ್ ಲಿವರ್ ತುಂಬ ಮೇಲಕ್ಕೆ ಬರುತ್ತಿದೆಯಾ ನೋಡಿ. ಹಾಗಿದ್ದರೆ ಇದೇ ಕಾರಣ ಅಂತ ಹೆಚ್ಚು ಕಡಿಮೆ ಖಾತ್ರಿ. ಡ್ರಮ್ ಬಿಚ್ಚಿಸಿ, ಆ ನಕ್ಷತ್ರದ ಚಕ್ರ ಬಿಚ್ಚಿ ತೊಳೆದು, ಎಳೆಗಳಿಗೆ ಬ್ರೇಕ್ ಗ್ರೀಸ್ ಸವರಿ, ಶೂ ಸ್ವಲ್ಪ ಉಜ್ಜುವಷ್ಟು ಬಿಗಿ ಮಾಡಿ ಆಮೇಲೆ ಒಂದೆರಡು ಹಲ್ಲು ಸಡಿಲಿಸಬೇಕು. ಮುಂದಿನ ವೀಲ್ ಬೇರಿಂಗ್ ಆಟವನ್ನೂ ನೋಡಲಿ. ಬೇರಿಂಗ್ ಸಡಿಲವಿದ್ದರೆ ಡಿಸ್ಕ್ ಅಲುಗಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ, ಲಕ್ಷಣ ಇದೇ ಥರ ಕಾಣುತ್ತದೆ.

ಒತ್ತಿ ಹಿಡಿದರೆ ನಿಧಾನಕ್ಕೆ ಇಳಿಯುವುದು ಬೇರೆ ರೋಗ. ಇದೇ ಅಪಾಯದ್ದು. ಎಲ್ಲೋ ಸೋರುತ್ತಿದೆ. ಹೊರಗಾದರೂ ಸೋರಬೇಕು, ಇಲ್ಲ ಮಾಸ್ಟರ್ ಸಿಲಿಂಡರ್ ಒಳಗೇ ಪಿಸ್ಟನ್ ಮೇಲಿನ ರಬ್ಬರ್ ಕಪ್ (ಸೀಲ್) ದಾಟಿ ಹಿಂದಕ್ಕೆ ಹೋಗಬೇಕು. ಪರೀಕ್ಷೆ ಸುಲಭ. ಇಂಜಿನ್ ಆಫ್ ಮಾಡಿ. ಪೆಡಲನ್ನು ಐದಾರು ಸಲ ಒತ್ತಿ ಬೂಸ್ಟರ್‌ನ ವ್ಯಾಕ್ಯೂಮ್ ಖಾಲಿ ಮಾಡಿ. ಆಮೇಲೆ ಒಂದೇ ಸಮ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಒಮ್ಮೆ ಜೋರಾಗಿ, ಒಮ್ಮೆ ಹಗುರವಾಗಿ. ಸವೆದ ಕಪ್ ಜೋರಾಗಿ ಒತ್ತಿದಾಗ ಅಗಲಿಸಿಕೊಂಡು ಹಿಡಿದುಬಿಡುತ್ತದೆ, ಹಗುರಕ್ಕೆ ಬಿಡುತ್ತದೆ. ಸಿಗ್ನಲ್‌ನಲ್ಲಿ ನಿಂತಾಗಲೇ ನಿಮಗೆ ಇದು ಗೊತ್ತಾಗುವುದು ಅದಕ್ಕೇ. ಇಂಜಿನ್ ಚಾಲೂ ಇದ್ದಾಗ ಮಾತ್ರ ಸ್ವಲ್ಪ ಇಳಿದರೆ ಅದು ಬೂಸ್ಟರ್ ಕೆಲಸ, ಗಾಬರಿ ಬೇಡ.

ಹೊರಗೆ ಸೋರಿಕೆ ಹುಡುಕುವಾಗ ನಾಲ್ಕು ಚಕ್ರ ನೋಡಿ ಬಿಡಬೇಡಿ. ಮಾಸ್ಟರ್ ಸಿಲಿಂಡರ್ ಬೂಸ್ಟರ್‌ಗೆ ಕೂರುವ ಜಾಗದ ಕೆಳಗೆ ಕೈಬೆರಳು ಹಾಕಿ ಸವರಿ. ಹಸಿ ಇದ್ದರೆ, ಬೂಸ್ಟರ್‌ನ ಕಪ್ಪು ಪೇಂಟ್ ಅಲ್ಲಿ ಗುಳ್ಳೆ ಎದ್ದು ಸಿಪ್ಪೆ ಬಿಡುತ್ತಿದ್ದರೆ, ಹಿಂದಿನ ಸೀಲ್ ಹೋಗಿದೆ ಅಂತಲೇ ಅರ್ಥ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಈ ಸೀಲ್ ಸೋರಿದ್ದು ನೆಲಕ್ಕೆ ತೊಟ್ಟಿಕ್ಕುವುದೇ ಇಲ್ಲ, ಬೂಸ್ಟರ್ ಹೊಟ್ಟೆ ಸೇರುತ್ತದೆ. "ಆಯಿಲ್ ಕಡಿಮೆಯಾಗುತ್ತೆ, ಆದರೆ ಎಲ್ಲೂ ಸೋರಿಕೆ ಇಲ್ಲ" ಅಂತ ಆಯಿಲ್ ಡಬ್ಬಿಗೆ ತುಂಬಿಸುತ್ತಾ ತಿರುಗುವವರ ಗಾಡಿ ಹೆಚ್ಚಾಗಿ ಹೀಗೇ ಇರುತ್ತದೆ. ಒಳಗೆ ಸೇರಿದ ಆಯಿಲ್ ಬೂಸ್ಟರ್‌ನ ರಬ್ಬರ್ ಡಯಾಫ್ರಂ ಕೆಡಿಸಿದರೆ ಖರ್ಚು ಎರಡಾಯಿತು.

ಮೂರನೆಯದು ಕೇರಿ ಮುಟ್ಟುವಷ್ಟರಲ್ಲಿ ಮೆತ್ತಗಾಗುವುದು. ಇದಕ್ಕೂ ಸಿಲಿಂಡರ್ ಸೈಜಿಗೂ ಸಂಬಂಧವೇ ಇಲ್ಲ. ನಿಮ್ಮ ಬ್ರೇಕ್ ಆಯಿಲ್ ಕುದಿಯುತ್ತಿದೆ. ಮಾಲು ಸೇರಿ ಗಾಡಿ 2,700 ಕೆ.ಜಿ. ಇದೆ, ಘಾಟ್‌ನಲ್ಲಿ 700 ಮೀಟರ್ ಇಳಿಯುತ್ತೀರಿ ಅಂತ ಹಿಡಿದರೆ, ಸುಮಾರು ಐದು ಯೂನಿಟ್ ಕರೆಂಟಿನಷ್ಟು ಶಕ್ತಿ ಎಲ್ಲಾದರೂ ಹೋಗಬೇಕು. ಇಂಜಿನ್ ತಡೆದಷ್ಟು ತಡೆಯುತ್ತದೆ, ಗಾಳಿ ಒಂಚೂರು. ಮಿಕ್ಕಿದ್ದೆಲ್ಲ ಡಿಸ್ಕ್, ಡ್ರಮ್‌ನಲ್ಲಿ ಬಿಸಿಯಾಗಿ ಕೂರುತ್ತದೆ. ಆ ಬಿಸಿ ಕ್ಯಾಲಿಪರ್ (ಡಿಸ್ಕ್ ಹಿಡಿಯುವ ಇಕ್ಕಳ) ಮೂಲಕ ಆಯಿಲ್‌ಗೆ ತಲುಪುತ್ತದೆ.

ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ಆದರೆ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹೋಸ್ ರಬ್ಬರಿನ ಮೂಲಕವೂ ಹೀರುತ್ತದೆ, ಡಬ್ಬಿ ಮುಚ್ಚಿದ್ದರೂ ತಪ್ಪಿದ್ದಲ್ಲ. ಶೇಕಡಾ 3.7 ನೀರು ಸೇರಿದ ಮೇಲೆ ಡಾಟ್ 3ಕ್ಕೆ ಇರಬೇಕಾದ ಕನಿಷ್ಠ ಮಿತಿ ಬರೀ 140 ಡಿಗ್ರಿ. ಡಾಟ್ 4ಕ್ಕೆ ಹೊಸದರಲ್ಲಿ 230, ನೀರು ಸೇರಿದ ಮೇಲೆ 155. ಘಾಟ್ ದಾರಿಯ ಕಣಕುಂಬಿ ಮಳೆ, ಮಾಪ್ಸಾ ಸೆಕೆ ಎರಡನ್ನೂ ದಿನಾ ಕುಡಿಯುವ ಗಾಡಿ ನಿಮ್ಮದು. ಕುದಿದಾಗ ಆವಿಯ ಗುಳ್ಳೆ ಏಳುತ್ತದೆ. ಆಯಿಲ್ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ಪೆಡಲ್ ಒತ್ತಿದ್ದೆಲ್ಲ ಆ ಗುಳ್ಳೆ ಹಿಂಡಲು ಹೋಗುತ್ತದೆ. ಚಹಾ ಕುಡಿಯುವಷ್ಟರಲ್ಲಿ ತಣ್ಣಗಾಗಿ ಆವಿ ಮತ್ತೆ ನೀರಾಗುತ್ತದೆ, ಪೆಡಲ್ ಮೊದಲಿನಂತಾಗುತ್ತದೆ. ಆ ಚಹಾ ಅಂಗಡಿ ಘಾಟ್‌ನ ಕೆಳಗಿರುವುದು ನಿಮ್ಮ ಪುಣ್ಯ. ಅರ್ಧ ಘಾಟ್‌ನಲ್ಲೇ ಮೆತ್ತಗಾದರೆ ಏನು ಗತಿ?

ಹಾಗಾಗಿ ಹಳೇ ಆಯಿಲ್ ಪೂರ್ತಿ ತೆಗೆದು ಡಾಟ್ 4 ತುಂಬಿಸಿ. ಎರಡು ವರ್ಷಕ್ಕೊಮ್ಮೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ, ನಿಮ್ಮಂಥ ಓಡಾಟಕ್ಕೆ ನಾನಾದರೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಬದಲಿಸುತ್ತೇನೆ. ಡಾಟ್ 3 ಇದ್ದ ಗಾಡಿಗೆ ಡಾಟ್ 4 ನಡೆಯುತ್ತದೆ. ಡಾಟ್ 5 ಅಂತ ಸಿಕ್ಕರೆ ಮುಟ್ಟಬೇಡಿ, ಅದು ಸಿಲಿಕೋನ್, ಇದರ ಜೊತೆ ಬೆರೆಯುವುದಿಲ್ಲ. ಡಾಟ್ 5.1 ಮಾತ್ರ ಮತ್ತೆ ನಮ್ಮ ಜಾತಿಯದೇ. ಹೆಸರಿಟ್ಟವರಿಗೆ ಏನನ್ನಬೇಕೋ ಗೊತ್ತಿಲ್ಲ. ಸೀಲ್ ಒಡೆದು ಅರ್ಧ ಉಳಿದ ಬಾಟಲಿಯನ್ನು ಗ್ಯಾರೇಜಿನ ಕಪಾಟಿನಿಂದ ತೆಗೆದು ಹಾಕಲು ಬಂದರೆ ಬೇಡ ಅನ್ನಿ.

ಈಗ ನಿಮ್ಮ ಅಸಲಿ ಪ್ರಶ್ನೆ: ಮಾಸ್ಟರ್ ಸಿಲಿಂಡರ್ ಬದಲಿಸಬೇಕಾ? ಪೆಡಲ್ ಇಳಿಯುವ ಪರೀಕ್ಷೆಯಲ್ಲಿ ಫೇಲಾದರೆ ಖಂಡಿತ ಬದಲಿಸಿ. ಹೊಸದು, ಅದೇ 22.2 ಬೋರ್, ನಿಮ್ಮ ಮಾಡೆಲ್‌ನದೇ. ಹದಿನೈದು ಇಪ್ಪತ್ತು ವರ್ಷದ ಗಾಡಿಗೆ ಇದೇ ದೊಡ್ಡ ಅಪ್‌ಗ್ರೇಡ್.

"ಕಿಟ್ ಹಾಕಿದರೆ ಸಾಕಲ್ವಾ, ಬರೀ ರಬ್ಬರ್ ತಾನೇ ಹೋಗಿರೋದು" ಅಂತ ಯಾರಾದರೂ ಹೇಳಬಹುದು. ಬೋರ್ ಒಳಗೆ ಬೆಳಕು ಬಿಟ್ಟು ನೋಡಿದರೆ ಕಾರಣ ಕಾಣುತ್ತದೆ. ದಿನಾ ಪಿಸ್ಟನ್ ಓಡಾಡುವ ಜಾಗ ಕನ್ನಡಿಯ ಥರ ಹೊಳೆಯುತ್ತದೆ. ಅದರ ಮುಂದೆ, ಪಿಸ್ಟನ್ ಎಂದೂ ಹೋಗದ ಜಾಗದಲ್ಲಿ, ಕಂದು ಕಸರು ಮೆತ್ತಿಕೊಂಡು ಚಿಕ್ಕ ಚಿಕ್ಕ ಗುಂಡಿ ಬಿದ್ದಿರುತ್ತದೆ. ಬೀಡು ಕಬ್ಬಿಣದ ಬಾಡಿಯಾದರೆ ತುಕ್ಕು, ಅಲ್ಯೂಮಿನಿಯಂ ಆದರೆ ಬಿಳಿ ಪುಡಿ. ಹೊಸ ಕಪ್ ಆ ಗುಂಡಿಗಳ ಮೇಲೆ ಎಷ್ಟು ದಿನ ಬಾಳುತ್ತದೆ? ಅಲ್ಯೂಮಿನಿಯಂ ಬೋರನ್ನು ಎಮರಿ ಪೇಪರ್ ಹಾಕಿ ಉಜ್ಜುವುದಂತೂ ಬೇಡವೇ ಬೇಡ, ಮೇಲಿನ ಗಟ್ಟಿ ಪದರವೇ ಹೋಗುತ್ತದೆ. ಗುಜರಿಯಿಂದ ತಂದದ್ದೂ ಬೇಡ.

ಇದೇ ಗುಂಡಿಗಳಿಂದ ಇನ್ನೊಂದು ಅನಾಹುತ ಆಗುತ್ತದೆ. ಏರ್ (ಲೈನಿನೊಳಗೆ ಸೇರಿದ ಗಾಳಿ) ತೆಗೆಯುವಾಗ ಹುಡುಗನನ್ನು ಸೀಟಿನಲ್ಲಿ ಕೂರಿಸಿ "ಒತ್ತು, ಪೂರ್ತಿ ಒತ್ತು" ಅಂತಾರೆ. ಚಕ್ರದ ಬಳಿ ಏರ್ ಬಿಡುವ ನಿಪ್ಪಲ್ ಸಡಿಲಿಸಿರುತ್ತಾರೆ, ಪೆಡಲ್ ನೆಲ ಮುಟ್ಟುತ್ತದೆ. ಹಳೇ ಸಿಲಿಂಡರ್‌ನಲ್ಲಿ ಕಪ್ ಮೊದಲ ಸಲ ಆ ಗುಂಡಿಗಳ ಮೇಲೆ ಹರಿದು ತುಟಿ ಸೀಳಿಸಿಕೊಳ್ಳುತ್ತದೆ. ಬೆಳಿಗ್ಗೆ ಪ್ಯಾಡ್ ಬದಲಿಸಲು ಹೋದ ಗಾಡಿ ಸಂಜೆ ಮಾಸ್ಟರ್ ಸಿಲಿಂಡರ್ ಕೆಟ್ಟು ನಿಲ್ಲುವುದು ಹೀಗೆ. ಹಳೆಯದನ್ನೇ ಇಟ್ಟುಕೊಂಡು ಏರ್ ತೆಗೆಸುವುದಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ.

ಹೊಸದು ತರುವಾಗ ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ಬೋರ್ ನಂಬರ್ ಒಂದೇ ಇದ್ದರೆ ಸಾಲದು. ಪೈಪ್ ಕೂರುವ ಎಳೆ ನೋಡಬೇಕು. 10 ಮಿ.ಮೀ. ಮೆಟ್ರಿಕ್ ಎಳೆಯೂ ಇಂಚಿನ ಎಂಟರಲ್ಲಿ ಮೂರು ಭಾಗದ ಎಳೆಯೂ ನೋಡಲು ಅಣ್ಣ ತಮ್ಮಂದಿರು. ಇಂಚಿನ ನಟ್ ಮೆಟ್ರಿಕ್ ತೂತಿನಲ್ಲಿ ಸಡಿಲವಾಗಿ ಹೋಗಿ ಕೂತಂತೆಯೂ ಅನಿಸುತ್ತದೆ. ತುರ್ತು ಬ್ರೇಕ್ ಒತ್ತಿದ ದಿನ ಎಳೆ ಕಿತ್ತು ಬರುತ್ತದೆ. ಪೈಪಿನ ತುದಿ ಅರಳಿಸಿದ ರೀತಿಯೂ ಎರಡು ಥರ ಇದೆ, ಒಂದು ಆಲಿಕೆಯಂತೆ ಒಳಕ್ಕೆ ಮಡಚಿದ್ದು, ಇನ್ನೊಂದು ಗುಂಡಗೆ ಉಬ್ಬಿದ್ದು. ಒಂದರ ಜಾಗದಲ್ಲಿ ಇನ್ನೊಂದು ಎಷ್ಟು ಬಿಗಿ ಮಾಡಿದರೂ ಸೋರುತ್ತದೆ. ಹಳೇ ಪೈಪ್ ನಟ್ ಬಿಚ್ಚಲು ಸಾಮಾನ್ಯ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದುಹೋಗುತ್ತದೆ. ಅದಕ್ಕಂತಲೇ ಬರುವ ಫ್ಲೇರ್ ನಟ್ ಸ್ಪ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ. ನಾನಂತೂ ಗ್ಯಾರೇಜ್ ಅಳೆಯುವುದೇ ಈ ಒಂದು ಸಾಮಾನಿನಿಂದ.

ಪೈಪಿನ ಮಾತು ಬಂತು. ಸಮುದ್ರದ ಉಪ್ಪುಗಾಳಿಗೆ ಹಿಂದಿನ ಆಕ್ಸೆಲ್ ಮೇಲಿನ ಉಕ್ಕಿನ ಪೈಪು ಕ್ಲಿಪ್ ಇರುವ ಜಾಗದಲ್ಲೇ ತಿಂದುಹೋಗಿರುತ್ತದೆ. ಹೊಸ ಸಿಲಿಂಡರ್‌ನ ಪೂರ್ತಿ ಒತ್ತಡ ಬಿದ್ದಾಗ ಅದು ಒಡೆಯಬಹುದು. ಈಗಲೇ ಬದಲಿಸಿ. ತಾಮ್ರ ನಿಕ್ಕಲ್ ಮಿಶ್ರಲೋಹದ ಬ್ರೇಕ್ ಪೈಪ್ ಸಿಕ್ಕರೆ ಬಹಳ ಒಳ್ಳೆಯದು, ತುಕ್ಕು ಹಿಡಿಯುವುದಿಲ್ಲ. ಫ್ರಿಜ್ ರಿಪೇರಿಯವರ ಬರೀ ತಾಮ್ರದ ಪೈಪ್ ಹಾಕಲು ಬಿಡಬೇಡಿ. ಅಲುಗಾಟಕ್ಕೆ ಅದು ಗಡುಸಾಗಿ ಬಿರುಕು ಬಿಡುತ್ತದೆ. ಮೂರು ರಬ್ಬರ್ ಹೋಸ್‌ಗಳನ್ನೂ ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲು.

ಕೂರಿಸುವ ಮೊದಲು ಸಿಲಿಂಡರ್‌ನ ಏರ್ ಹೊರಗೇ ತೆಗೆಯಬೇಕು. ಇದನ್ನು ಬಹಳ ಜನ ಬಿಡುತ್ತಾರೆ, ಆಮೇಲೆ ಮೂರು ಬಾಟಲಿ ಆಯಿಲ್ ಸುರಿದರೂ ಪೆಡಲ್ ಗಟ್ಟಿಯಾಗಲಿಲ್ಲ ಅಂತ ಹೊಸ ಸಿಲಿಂಡರನ್ನೇ ಬೈಯುತ್ತಾರೆ. ಬಾಡಿಯನ್ನು ವೈಸ್‌ಗೆ ಸಮತಟ್ಟಾಗಿ ಹಿಡಿಸಿ, ಹೊರಬರುವ ತೂತುಗಳಿಗೆ ಸಣ್ಣ ಪಾರದರ್ಶಕ ಟ್ಯೂಬ್ ಹಾಕಿ, ಅದರ ಇನ್ನೊಂದು ತುದಿಯನ್ನು ಡಬ್ಬಿಯಲ್ಲಿನ ಆಯಿಲ್‌ನಲ್ಲಿ ಮುಳುಗಿಸಬೇಕು. ಪಿಸ್ಟನ್ನನ್ನು ಮೊಂಡು ರಾಡಿನಿಂದ ನಿಧಾನಕ್ಕೆ ಒಳಗೆ ತಳ್ಳಿ ನಿಧಾನಕ್ಕೆ ಬಿಡಬೇಕು. ಮೊದಲು ದೊಡ್ಡ ಗುಳ್ಳೆಗಳು ಬುಳುಬುಳು ಬರುತ್ತವೆ. ಆಮೇಲೆ ಸಾಸಿವೆಯಷ್ಟು ಸಣ್ಣವು, ಒಂದೊಂದೇ, ಟ್ಯೂಬಿನ ಗೋಡೆಗೆ ಅಂಟಿಕೊಂಡು ಹತ್ತುತ್ತವೆ. ಅವು ಪೂರ್ತಿ ನಿಲ್ಲುವ ತನಕ ಬಿಡಬಾರದು. ಕೆಲಸ ಬೇಸರದ್ದೇ.

ಮುಂದೆ ಬೂಸ್ಟರ್‌ನ ರಾಡ್. ಹೊಸ ಸಿಲಿಂಡರ್ ಕೂರಿಸಿದಾಗ ಆ ರಾಡಿನ ತುದಿಗೂ ಪಿಸ್ಟನ್‌ಗೂ ಕೂದಲೆಳೆಯಷ್ಟು ಸಂದು ಇರಲೇಬೇಕು. ಎಷ್ಟು ಅಂತ ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿದೆ, ಸಾಮಾನ್ಯವಾಗಿ ಒಂದು ಮಿ.ಮೀ.ಗಿಂತ ಕಡಿಮೆ. ಮಕ್ಕಳು ಆಡುವ ಮೆತ್ತನೆ ಕ್ಲೇ ಒಂದು ಚೂರು ರಾಡಿನ ತುದಿಗೆ ಅಂಟಿಸಿ, ಸಿಲಿಂಡರ್ ಕೂರಿಸಿ, ತೆಗೆದು, ಉಳಿದ ದಪ್ಪ ಅಳೆದರೆ ಗೊತ್ತಾಗುತ್ತದೆ. ಸಂದು ಹೆಚ್ಚಿದ್ದರೆ ಪೆಡಲ್ ಮೊದಲ ಸ್ವಲ್ಪ ದೂರ ಸುಮ್ನೆ ಹೋಗುತ್ತದೆ, ಅಷ್ಟೇ. ಸಂದೇ ಇಲ್ಲದಿದ್ದರೆ ಕಥೆ ಬೇರೆ. ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ. ಆಯಿಲ್ ಡಬ್ಬಿಗೆ ವಾಪಸ್ ಹೋಗಲು ಬೋರ್‌ನಲ್ಲಿರುವ ಸೂಜಿ ತೂತು ಮುಚ್ಚಿಕೊಂಡೇ ಇರುತ್ತದೆ. ಬಿಸಿಗೆ ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲ, ಬ್ರೇಕ್ ತಾನಾಗಿಯೇ ಹಿಡಿಯುತ್ತಾ ಹೋಗುತ್ತದೆ. ಇನ್ನೂ ಬಿಸಿ, ಇನ್ನೂ ಹಿಡಿತ. ಹೊಸ ಸಿಲಿಂಡರ್ ಹಾಕಿಸಿದ ಮೇಲೆ ಗಾಡಿ ಎಳೆಯುತ್ತಿಲ್ಲ, ಮುಂದಿನ ಚಕ್ರ ಸುಡುತ್ತಿದೆ ಅನಿಸಿದರೆ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಸಿಲಿಂಡರ್‌ನ ಎರಡು ನಟ್ ಸ್ವಲ್ಪ ಸಡಿಲಿಸಿ ನೋಡಲಿ. ಚಕ್ರ ಬಿಟ್ಟುಕೊಂಡರೆ ರಾಡ್ ಉದ್ದವಾಗಿದೆ ಅಂತ ಅರ್ಥ.

ಏರ್ ತೆಗೆಯುವ ಕ್ರಮ, ಸಿಲಿಂಡರ್‌ಗೆ ದೂರದ ಚಕ್ರದಿಂದ ಹತ್ತಿರದ ಕಡೆಗೆ. ನಮ್ಮ ಬಲಗೈ ಸ್ಟಿಯರಿಂಗ್ ಗಾಡಿಯಲ್ಲಿ ಹಿಂದೆ ಎಡ, ಹಿಂದೆ ಬಲ, ಮುಂದೆ ಎಡ, ಮುಂದೆ ಬಲ. ಮ್ಯಾನುಯಲ್ ಬೇರೆ ಹೇಳಿದರೆ ಅದೇ ಸರಿ. ಪಿಕಪ್‌ಗಳಲ್ಲಿ ಹಿಂದಿನ ಆಕ್ಸೆಲ್‌ಗೆ ಕಡ್ಡಿಯಿಂದ ಕಟ್ಟಿದ ಒಂದು ವಾಲ್ವ್ ಇರುತ್ತದೆ, ಎಲ್‌ಎಸ್‌ಪಿವಿ ಅಂತಾರೆ. ಹೇರು ಕಡಿಮೆಯಿದ್ದಾಗ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಮಾಡುವುದು ಇದರ ಕೆಲಸ, ಇಲ್ಲದಿದ್ದರೆ ಖಾಲಿ ಗಾಡಿ ಮಳೆಯಲ್ಲಿ ಹಿಂಬದಿ ಜಾರಿಸಿಕೊಂಡು ಹೋಗುತ್ತದೆ. ಚಾಸಿಗೆ ಜಾಕ್ ಕೊಟ್ಟು ಆಕ್ಸೆಲ್ ಜೋತು ಬಿಟ್ಟರೆ ಗಾಡಿ ಖಾಲಿ ಅಂತ ಇದು ತಿಳಿಯುತ್ತದೆ, ಏರ್ ಸರಿಯಾಗಿ ಬರುವುದಿಲ್ಲ. ಚಕ್ರ ನೆಲದ ಮೇಲೇ ಇರಲಿ. ಹೆಚ್ಚುವರಿ ಪ್ಲೇಟ್ ಸೇರಿಸಿ ಹಿಂದಿನ ಸ್ಪ್ರಿಂಗ್ ಪಟ್ಟಾ ಎತ್ತರಿಸಿದ್ದೀರಾ? ನಿಮ್ಮ ಕಡೆಯ ತರಕಾರಿ ಗಾಡಿಗಳಲ್ಲಿ ಇದು ಮಾಮೂಲು. ಹಾಗಿದ್ದರೆ ಪೂರ್ತಿ ಹೇರಿದಾಗಲೂ ವಾಲ್ವ್ "ಖಾಲಿ" ಅಂದುಕೊಂಡು ಹಿಂದಿನ ಬ್ರೇಕ್ ತಡೆಹಿಡಿಯುತ್ತದೆ. ಎಲ್ಲ ಹೊರೆ ಮುಂದಿನ ಡಿಸ್ಕ್ ಮೇಲೆ ಬಿದ್ದು ಆಯಿಲ್ ಕುದಿಯಲು ಇದೂ ಕಾರಣ ಇರಬಹುದು. ಕಡ್ಡಿ ಅಳತೆ ಸರಿ ಮಾಡಿಸಿ.

ದೊಡ್ಡ ಬೋರ್ ಯಾವಾಗಲೂ ತಪ್ಪು ಅಂತ ನಾನು ಹೇಳುತ್ತಿಲ್ಲ. ಮುಂದೆ ಡ್ರಮ್ ತೆಗೆದು ಡಿಸ್ಕ್ ಹಾಕಿದವರಿಗೆ, ಅಥವಾ ದೊಡ್ಡ ಪಿಸ್ಟನ್‌ನ ಕ್ಯಾಲಿಪರ್ ಹಾಕಿದವರಿಗೆ ಆಯಿಲ್ ಜಾಸ್ತಿ ಬೇಕು, ಪೆಡಲ್ ನೆಲ ಮುಟ್ಟುತ್ತದೆ. ಆಗ ಮಾಸ್ಟರ್ ಸಿಲಿಂಡರ್ ಒಂದು ಮೆಟ್ಟಿಲು ಮೇಲೆ ಹೋಗುವುದು ಸರಿ, ಕ್ಯಾಲಿಪರ್ ದೊಡ್ಡದಾಗಿ ಗಳಿಸಿದ್ದರಲ್ಲಿ ಸ್ವಲ್ಪ ಕಳೆದುಕೊಳ್ಳುತ್ತೀರಿ ಅಷ್ಟೇ. ಒಂದು ಮೆಟ್ಟಿಲು ಅಂದರೆ 22.2ರಿಂದ 23.8. ಅಲ್ಲಿ ಒತ್ತಡ ಸುಮಾರು ಶೇಕಡಾ 13 ಇಳಿಯುತ್ತದೆ. ಒಂದೇ ನೆಗೆತಕ್ಕೆ 25.4ಕ್ಕೆ ಹೋಗುವುದು ಬೇರೆ ಗಾಡಿಯ ಲೆಕ್ಕ. ಆ ದೊಡ್ಡ ಗಾಡಿಯಲ್ಲಿ ಕ್ಯಾಲಿಪರ್, ಬೂಸ್ಟರ್, ಪೆಡಲ್ ಅನುಪಾತ ಎಲ್ಲವೂ ಅದಕ್ಕೆ ಹೊಂದಿಕೊಂಡೇ ಬಂದಿವೆ, ಬರೀ ಒಂದು ಕಿತ್ತು ತಂದರೆ ಹೇಗೆ?

ಇದನ್ನು ಓದುವವರಲ್ಲಿ ಹಳೇ ಜೀಪ್ ಜಾತಿಯ ಪಿಕಪ್ ಇಟ್ಟುಕೊಂಡವರೂ ಇರುತ್ತಾರೆ, ಸಿಲಿಂಡರ್ ಕಾಲಡಿಯ ಹಲಗೆ ಕೆಳಗೆ, ನಾಲ್ಕೂ ಚಕ್ರಕ್ಕೆ ಒಂದೇ ಲೈನ್. ಅಂಥವರು ಜೋಡಿ ಲೈನಿನ ಟ್ಯಾಂಡೆಮ್ ಸಿಲಿಂಡರ್‌ಗೆ ಹೋಗುವುದು ನಿಜವಾದ ಅಪ್‌ಗ್ರೇಡ್. ಒಂದು ಹೋಸ್ ಒಡೆದರೂ ಎರಡು ಚಕ್ರಕ್ಕೆ ಬ್ರೇಕ್ ಉಳಿಯುತ್ತದೆ. ಅಮೆರಿಕದಲ್ಲಿ 1967ರ ಮಾಡೆಲ್ ಕಾರುಗಳಿಂದಲೇ ಇದು ಬಂತು. ಸಿಲಿಂಡರ್ ಚಕ್ರದ ಮಟ್ಟಕ್ಕಿಂತ ಕೆಳಗಿದ್ದರೆ ಆಯಿಲ್ ಹಿಂದೆ ಹರಿಯದಂತೆ ಲೈನಿನಲ್ಲಿ ಒತ್ತಡ ಉಳಿಸುವ ವಾಲ್ವ್ ಬೇಕು. ಡಿಸ್ಕ್‌ಗೆ 2 ಪಿಎಸ್‌ಐ (ಒತ್ತಡದ ಅಳತೆ), ಡ್ರಮ್‌ಗೆ 10. ಡ್ರಮ್‌ನದನ್ನು ಡಿಸ್ಕ್ ಲೈನಿಗೆ ಹಾಕಿದರೆ ಪ್ಯಾಡ್ ಸದಾ ಉಜ್ಜುತ್ತದೆ.

ಕಾನೂನಿನ ಮಾತೂ ಒಂದಿದೆ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕುತ್ತದೆ. ಬಾಡಿಗೆ, ವ್ಯಾಪಾರದ ಗಾಡಿ ಪಾಸಿಂಗ್‌ಗೆ ಹೋಗಲೇಬೇಕು. ಅಪಘಾತವಾದರೆ ಇನ್ಶೂರೆನ್ಸ್‌ನವರು ಕೇಳುವ ಪ್ರಶ್ನೆಗೆ ಮಿಸ್ತ್ರಿ ಉತ್ತರ ಕೊಡಲು ಬರುವುದಿಲ್ಲ.

ಇನ್ನು ಓಡಿಸುವುದು. ಡೀಸೆಲ್ ಉಳಿಯುತ್ತೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡುವವರಿದ್ದಾರೆ. ಡೀಸೆಲ್ ಗಾಡಿಯಲ್ಲಿ ಬೂಸ್ಟರ್‌ನ ವ್ಯಾಕ್ಯೂಮ್ ಬರುವುದೇ ಇಂಜಿನ್ ತಿರುಗಿಸುವ ಪಂಪಿನಿಂದ, ಬಹಳ ಗಾಡಿಗಳಲ್ಲಿ ಅದು ಆಲ್ಟರ್ನೇಟರ್ ಬೆನ್ನಿಗಿರುತ್ತದೆ. ಇಂಜಿನ್ ನಿಂತರೆ ಎರಡು ಮೂರು ಒತ್ತಿಗೆ ಬೂಸ್ಟರ್ ಖಾಲಿ. ಪಂಪ್ ಸರಿ ಇದೆಯಾ ನೋಡಲು, ಇಂಜಿನ್ ಆಫ್‌ನಲ್ಲಿ ಪೆಡಲ್ ಒತ್ತಿ ಖಾಲಿ ಮಾಡಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಕಾಲಿನ ಕೆಳಗೆ ಪೆಡಲ್ ತುಸು ಇಳಿಯಬೇಕು. ಇಳಿಯದಿದ್ದರೆ ಪಂಪ್, ಹೋಸ್, ಬೂಸ್ಟರ್ ಮೂರರಲ್ಲಿ ಒಂದು ಹೋಗಿದೆ. ಘಾಟ್ ಇಳಿಯುವಾಗ ಎರಡನೇ ಗೇರ್, ಬೇಕಾದರೆ ಒಂದನೇ ಗೇರ್. ಬ್ರೇಕ್ ಮೇಲೆ ಕಾಲು ಸದಾ ಇಟ್ಟುಕೊಳ್ಳುವ ಬದಲು ಒಮ್ಮೆ ಚೆನ್ನಾಗಿ ಒತ್ತಿ ವೇಗ ಇಳಿಸಿ, ಬಿಟ್ಟು ತಣ್ಣಗಾಗಲು ಬಿಡಿ.

ಕೆಲಸದ ಸರದಿ ಹೀಗಿರಲಿ: ಮೊದಲು ಡ್ರಮ್ ಬಿಚ್ಚಿ ಅಡ್ಜಸ್ಟ್, ಲೈನರ್, ವೀಲ್ ಸಿಲಿಂಡರ್. ಆಮೇಲೆ ಅದೇ ಬೋರ್‌ನ ಹೊಸ ಮಾಸ್ಟರ್ ಸಿಲಿಂಡರ್, ಪೈಪು, ಹೋಸ್, ಡಾಟ್ 4. ಖಾಲಿ ಗಾಡಿಯಲ್ಲಿ ಎರಡು ದಿನ ಮಾಪ್ಸಾ, ಡಿಚೋಲಿ ಸುತ್ತ ಓಡಿಸಿ, ಪೈಪ್ ನಟ್‌ಗಳನ್ನು ಮತ್ತೆ ಒರೆಸಿ ಹಸಿ ಇದೆಯಾ ನೋಡಿ, ನಂತರ ಮಾಲು ಹೇರಿ. ಇಷ್ಟಾದ ಮೇಲೂ ಪೆಡಲ್ ಕೆಳಗೇ ಹೋದರೆ ಮುಂದಿನ ಕ್ಯಾಲಿಪರ್ ಪಿಸ್ಟನ್ ವ್ಯಾಸ, ಹಿಂದಿನ ವೀಲ್ ಸಿಲಿಂಡರ್ ಮೇಲಿನ ನಂಬರ್, ಪೆಡಲ್‌ನ ಮೇಲಿನ ಪಿನ್ನಿನಿಂದ ರಾಡಿನವರೆಗೆ ಮತ್ತು ಅದೇ ಪಿನ್ನಿನಿಂದ ಕಾಲಿಡುವ ಜಾಗದವರೆಗಿನ ಅಳತೆ ಬರೆದು ಕಳಿಸಿ. 23.8 ಹಾಕಬಹುದಾ ಅಂತ ಲೆಕ್ಕ ಹಾಕಿಯೇ ಹೇಳುತ್ತೇನೆ.